ಬೆಳಕವ್ವನ ಮುಖಪುಟ

ಹೈದರಾಬಾದ್
2 ಏಪ್ರಿಲ್ 1997

ಕಾಕಾ ಅವರ ಪಾದಕ್ಕೆ ದೇವಕ್ಕನ ನಮಸ್ಕಾರ. ಆಯಿಗೆ ಅದರ ಎರಡರಷ್ಟು.

ಈ ಕಾಗದ ಒಡೆಯುವ ಮೊದಲೇ ನೀವು ಏನೆನ್ನುತ್ತೀರಿ ಎಂದು ನನಗೆ ಗೊತ್ತು. "ಕೆಲಸ ಬಿದ್ದಾಗಷ್ಟ ಈ ಹುಡುಗಿಗಿ ಕಾಕಾ ನೆನಪಾಗ್ತಾನ ನೋಡು." ಹೌದ್ರಿ ಕಾಕಾ, ಕೆಲಸ ಬಿದ್ದಿದೆ. ಬೈದು ಮುಗಿಸಿ, ಆಮೇಲೆ ಓದಿ.

ಚಿತ್ರಕಲಾ ಕಾಲೇಜಿನಲ್ಲಿ ಈ ಸಲ ನಮಗೊಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ತಮ್ಮ ಭಾಷೆಯ ಹಳೆಯ, ಎಲ್ಲರೂ ಬಲ್ಲ ಒಂದು ಪುಸ್ತಕಕ್ಕೆ ಹೊಸ ಮುಖಪುಟ ಮಾಡಬೇಕು. ತೆಲುಗು ಹುಡುಗಿಯರೆಲ್ಲ ದೊಡ್ಡ ದೊಡ್ಡ ಕಾದಂಬರಿ ಹಿಡಿದು ಕೂತಿದ್ದಾರೆ. ನಮ್ಮ ಸಾರ್ ಮಾತ್ರ, "ಅಂಗಡಿಯಿಂದ ತಂದದ್ದು ನನಗೆ ಬೇಡ. ಜನರ ಕೈಯಲ್ಲಿ ಹಳತಾದ ಪುಸ್ತಕ ತನ್ನಿ" ಎಂದರು. ಆಗ ನನಗೆ ಥಟ್ಟನೆ ಹೊಳೆದದ್ದು ನಮ್ಮ ದೋರನಹಳ್ಳಿಯ ಬೆಳಕವ್ವನ ಪುರಾಣ!

ನಾನು ನಾರಾಯಣಪುರದ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಊರಿನ ಶ್ರಾವಣದ ಪುರಾಣ ಕಂಡದ್ದು ತೀರ ಚಿಕ್ಕವಳಿದ್ದಾಗ. ಅಪ್ಪ ಊರಿಗೆ ಹೋಗುವುದಿರಲಿ, ನಮ್ಮನ್ನೂ ಕಳಿಸುತ್ತಿರಲಿಲ್ಲ. ಆದರೂ ಹಣಮಂದೇವರ ಗುಡಿಯ ಕಟ್ಟೆ, ಆಯಿಯ ತೊಡೆ, ನೀವು ರಾಗವಾಗಿ ಓದುತ್ತಿದ್ದದ್ದು ನೆನಪಿದೆ. ಪುಸ್ತಕದ ಮುಖಪುಟ ಮಾತ್ರ ಬೂದಿಯಲ್ಲಿ ಬಿದ್ದ ರೊಟ್ಟಿಯಂತಿತ್ತು. ಅದರ ಮೇಲೆ ಏನು ಚಿತ್ರವಿತ್ತು ಕಾಕಾ? ನಿಮಗಾದರೂ ಗೊತ್ತೇ?

ಅದನ್ನು ಕಳಿಸಿಕೊಡಿ. ಜೋಪಾನ ಮಾಡುತ್ತೇನೆ. ಶ್ರಾವಣದೊಳಗೆ ನಿಮ್ಮ ಕೈಗೆ ಮುಟ್ಟಿಸುತ್ತೇನೆ.

ನಿಮ್ಮ ದೇವಕ್ಕ

ದೋರನಹಳ್ಳಿ
14 ಏಪ್ರಿಲ್ 1997

ಕೆಲಸ ಬಿದ್ದಾಗ ನೆನಪಾಗುವ ಕಾಕಾನಿಂದ ದೇವಕ್ಕಳಿಗೆ ಆಶೀರ್ವಾದ.

ಬೈದು ಮುಗಿಸಿದೆ. ಈಗ ವಿಷಯ.

ನಿನ್ನ ಪುಸ್ತಕದ ಸಲುವಾಗಿ ಗುಡಿ ಕಟ್ಟೆಯ ಮೇಲೆ ದೊಡ್ಡ ಪಂಚಾಯಿತಿಯೇ ಆಯಿತು. ಹಿರಿಯ ಅಂಬ್ರಪ್ಪ ಎದ್ದು ನಿಂತು, "ಪುರಾಣ ಊರ ಸೀಮಿ ದಾಟಬಾರದು. ನಾ ಒಲ್ಲೆ ಅಂದ್ರ ಒಲ್ಲೆ" ಎಂದ. ನಾನು ಮೇಷ್ಟ್ರು, ಪುಸ್ತಕ ಓದುವವನು, ನನ್ನ ಮಾತನ್ನೇ ಕೇಳಲಿಲ್ಲ. ಕೊನೆಗೆ ಅವ್ವ ಮಾತಾಡಿದಳು. "ನನ್ನ ಮೊಮ್ಮಗಳ ಕೈಗಿ ಹೋಗ್ತದ. ಹೊರಗಿನವರ ಕೈಗೇನು ಹೋಗಾಕತ್ತಿಲ್ಲಲ್ಲ. ಹೋಗ್ಲಿ ಬಿಡು ಅಂಬ್ರಪ್ಪ." ನಿನ್ನ ಆಯಿ ಮೋನಮ್ಮ ಬಾಯಿ ತೆರೆದ ಮೇಲೆ ಅಂಬ್ರಪ್ಪ ಉಸಿರೆತ್ತುವುದುಂಟೇ?

ನಿನಗೆ ಇದೆಲ್ಲ ತಮಾಷೆಯಾಗಿ ಕಂಡೀತು. ಅವ್ವನ ಕಣ್ಣು ಹೋಗಿ ಬಹಳ ವರ್ಷವಾದವು. ಈಗ ಅವಳಿಗೆ ವರ್ಷವೆಂದರೆ ಶ್ರಾವಣವೊಂದೇ. ದಿನದ ಅಧ್ಯಾಯ ಮುಗಿಸಿ ನಾನು ಪುಸ್ತಕ ಮುಚ್ಚಿದಾಗ ಎಲ್ಲರಿಗಿಂತ ಮೊದಲು ಅದನ್ನು ಮುಟ್ಟುವವಳು ಅವಳು. ಆದ್ದರಿಂದ ಹೇಳುತ್ತಿದ್ದೇನೆ, ಶ್ರಾವಣದ ಮೊದಲ ದಿನ ಪುಸ್ತಕ ವ್ಯಾಸಪೀಠದ ಮೇಲೆ ಇರಲೇಬೇಕು.

ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಅವ್ವನೇ ಸುತ್ತಿ ಕೊಟ್ಟಿದ್ದಾಳೆ. ಮೆಣಸಿನಕಾಯಿ ವ್ಯಾಪಾರಕ್ಕೆ ಬರುವ ಅಯ್ಯಪ್ಪ ಯಾದಗಿರಿಯಲ್ಲಿ ರೈಲು ಹತ್ತುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಅವ್ವ ಇನ್ನೂ ಏನೋ ಬರೆ ಎಂದು ಹೇಳಿದಳು. ಮುದುಕರ ಮಾತು, ಕಾಗದದಲ್ಲಿ ಜಾಗ ಸಾಲದು. ಮತ್ತೊಮ್ಮೆ ಬರೆದೇನು.

ಹೈದರಾಬಾದಿನವರು ನಮ್ಮ ಊರ ಪುಸ್ತಕ ನೋಡುತ್ತಾರೆಂದರೆ ಖರೇ ಹೇಳುತ್ತೇನೆ, ನನಗೂ ಒಳಗೊಳಗೆ ಹಿಗ್ಗೇ ಆಗಿದೆ.

ಭೀಮರಾಯ

ಹೈದರಾಬಾದ್
9 ಮೇ 1997

ಕಾಕಾ, ನಮಸ್ಕಾರ ಕೊನೆಯಲ್ಲಿ ಮಾಡುತ್ತೇನೆ, ಮೊದಲು ಸುದ್ದಿ ಕೇಳಿ!

ನಾನು ಬೆಳಕವ್ವನ ಮುಖ ನೋಡಿದೆ.

ಹೌದು, ನೀವು ಯಾರೂ ನೋಡದಿದ್ದದ್ದು. ಪುಸ್ತಕ ಬಂದಾಗ ಅದರ ಮೇಲೆ ಬೆರಳು ದಪ್ಪ ವಿಭೂತಿ, ಕುಂಕುಮ, ಎಣ್ಣೆ, ಕೆಸರು, ಒಂದರ ಮೇಲೊಂದು ಕೂತು ಗಾರೆಯಾಗಿತ್ತು. ಮೊದಲಿನದು, ಆಮೇಲಿನದು ಎರಡನ್ನೂ ತೋರಿಸಬೇಕೆಂದು ಸಾರ್ ಹೇಳಿದ್ದರಿಂದ ಇದ್ದ ಹಾಗೆಯೇ ಒಂದು ಫೋಟೋ ತೆಗೆದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸುತ್ತಾ ಹೋದೆ. ವಾರವೆಲ್ಲ ಅದೇ ಕೆಲಸ. ಮೊದಲು ನೀಲಿ ಬಂತು. ಆಮೇಲೆ ದೀಪ ಹಿಡಿದ ಒಂದು ಕೈ. ಆಮೇಲೆ ಮುಖ! ಎಂಥ ಮುಖ ಕಾಕಾ, ನಮ್ಮ ಕಡೆಯ ಹೆಂಗಸಿನದೇ. ಹಣೆ ಅಗಲ, ಮೂಗಿನಲ್ಲಿ ನತ್ತು, ತುಸು ಸಿಟ್ಟು ಬಂದವಳ ಹಾಗೆ ತುಟಿ. ಸೊಲ್ಲಾಪುರದ ಯಾವನೋ ಪುಣ್ಯಾತ್ಮ ಕಲ್ಲಚ್ಚಿಗೆ ಬರೆದದ್ದು.

ಕ್ಲಾಸಿನವರೆಲ್ಲ ಸುತ್ತ ನಿಂತು ನೋಡಿದರು. ಸಾರ್ ಮಾತ್ರ, "ಊರಿನವರನ್ನು ಕೇಳಿದೆಯಾ?" ಎಂದರು. ಕೇಳುವುದೇನು, ಅವರೇ ಕಳಿಸಿದ್ದಲ್ಲವೇ ಎಂದೆ.

ಆಯಿಗೆ ಹೇಳಿ, ಬೆಳಕವ್ವ ಥೇಟ್ ಆಕೆಯ ಹಾಗೇ ಇದ್ದಾಳೆ.

ದೇವಕ್ಕ (ಈಗ ನಮಸ್ಕಾರ)

ದೋರನಹಳ್ಳಿ
21 ಮೇ 1997

ದೇವಕ್ಕಳಿಗೆ ಆಶೀರ್ವಾದ.

ಕಾಗದ ಮುಟ್ಟಿತು. ಚಿತ್ರ ಚೆನ್ನಾಗಿ ಬಂದಿರಬೇಕು. ಇಲ್ಲಿ ಬಿಸಿಲು ಬಹಳ. ಕಾಲುವೆ ಬಂದ್ ಆಗಿದೆ.

ಎಡಗಡೆ ಕೆಳಗಿನ ಮೂಲೆಯನ್ನೂ ಒರೆಸಿದೆಯೋ, ಹಾಗೇ ಬಿಟ್ಟಿದ್ದೀಯೋ? ಬರೆ.

ಅವ್ವನಿಗೆ ನಿನ್ನ ಕಾಗದ ಇನ್ನೂ ಓದಿ ಹೇಳಿಲ್ಲ.

ಭೀಮರಾಯ

ಹೈದರಾಬಾದ್
24 ಜುಲೈ 1997

ಕಾಕಾ ಅವರಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ಪರೀಕ್ಷೆಯ ಫಜೀತಿಯಲ್ಲಿದ್ದೆ. ಪುಸ್ತಕವನ್ನು ಅಯ್ಯಪ್ಪ ಮಾವನ ಕೈಯಲ್ಲೇ ಕಳಿಸುತ್ತಿದ್ದೇನೆ. ಶ್ರಾವಣಕ್ಕೆ ಬರೋಬ್ಬರಿ ಮುಟ್ಟುತ್ತದೆ. ಮಾತು ಉಳಿಸಿಕೊಂಡೆ ನೋಡಿ!

ನಿಮ್ಮ ಕಾಗದ ನೋಡಿ ನಗು ಬಂತು. ಮೇಷ್ಟ್ರ ಕಣ್ಣು ಎಲ್ಲಿಗೆ ಹೋಗುತ್ತದೆ ಅಂದರೆ ಮೂಲೆಗೆ! ಇಲ್ಲ ಕಾಕಾ, ಅರ್ಧಂಬರ್ಧ ಕೆಲಸ ನನ್ನದಲ್ಲ. ಆ ಮೂಲೆಯೇ ಎಲ್ಲಕ್ಕಿಂತ ಗಟ್ಟಿ ಇತ್ತು. ನಡುವೆ ಒಂದು ತಗ್ಗು, ಸುತ್ತ ಏರು. ಇಲಿ ಕಡಿದಿದೆಯೇನೋ ಅಂದುಕೊಂಡೆ. ಹತ್ತಿಗೆ ಜಗ್ಗಲಿಲ್ಲ, ಸಣ್ಣ ಚಾಕುವಿನಿಂದ ಎಬ್ಬಿಸಬೇಕಾಯಿತು. ಆದರೆ ಅಲ್ಲೇ ಚಿತ್ರಕಾರನ ಸಹಿ ಸಿಕ್ಕಿತು! ನೀವು ಕೇಳಿದ್ದು ಅದಕ್ಕೇ ಇರಬೇಕು ಎಂದು ಸಾರ್‌ಗೂ ಹೇಳಿದೆ. ನಮ್ಮ ಕಾಕಾಗೆ ಮೊದಲೇ ಗೊತ್ತಿತ್ತು ಎಂದೆ.

ಶ್ರಾವಣದ ಮೊದಲ ದಿನ ಎಲ್ಲರೂ ಹೇಗೆ ಬೆರಗಾದರು ಎಂದು ಸವಿಸ್ತಾರ ಬರೆಯಬೇಕು. ಅಂಬ್ರಪ್ಪ ಮುತ್ಯಾ ಏನೆಂದರು, ಆಯಿ ಏನೆಂದಳು, ಎಲ್ಲಾ.

ದೇವಕ್ಕ

ದೋರನಹಳ್ಳಿ
12 ಆಗಸ್ಟ್ 1997

ದೇವಕ್ಕಳಿಗೆ ಆಶೀರ್ವಾದ.

ಸವಿಸ್ತಾರ ಬರೆ ಎಂದಿದ್ದೀಯ. ಬರೆಯುತ್ತೇನೆ. ಕೂತು ಓದು.

ನಮ್ಮ ಊರಿನಲ್ಲಿ ಪುರಾಣ ಮುಗಿದ ಮೇಲೆ ನೀರಲ್ಲಿ ಕಲಸಿದ ವಿಭೂತಿಯನ್ನು ಪುಸ್ತಕದ ಮೇಲೆ ಬೆರಳಿನಿಂದ ಒತ್ತುತ್ತಾರೆ. ಎಲ್ಲರೂ ದಿನಾ ಒತ್ತುವುದಿಲ್ಲ. ಆ ವರ್ಷ ಮನೆಯಲ್ಲಿ ಏನಾದರೂ ಆದವರು ಒತ್ತುತ್ತಾರೆ. ಕೂಸು ಹುಟ್ಟಿದವರು, ಗಂಡನ ಮನೆಗೆ ಹೋಗುವ ಹುಡುಗಿಯರು, ಸತ್ತವರ ಮಕ್ಕಳು. ಕಾಲುವೆ ನೀರು ಮೊದಲ ಸಲ ನಮ್ಮ ಹೊಲಕ್ಕೆ ಬಂದ ವರ್ಷ ಊರವರು ವಿಭೂತಿ ಬಿಟ್ಟು ಕೆಸರನ್ನೇ ಒತ್ತಿದರು. ನೀನು ಹತ್ತಿಯಲ್ಲಿ ತೆಗೆದ ಕೆಸರು ಅದು.

ನಿನಗೊಬ್ಬಳು ಸೋದರತ್ತೆ ಇದ್ದಳು. ಮಾನಮ್ಮ. ನನಗೂ ನಿಮ್ಮಪ್ಪನಿಗೂ ತಂಗಿ. ನೀನು ಅಂಗನವಾಡಿಗೆ ಹೋಗುವ ಕೂಸಾಗಿದ್ದಾಗ ಅವಳ ಮದುವೆ ಗೊತ್ತಾಗಿತ್ತು. ಆ ಶ್ರಾವಣದಲ್ಲಿ ಎಡಗಡೆ ಮೂಲೆಯಲ್ಲಿ ಹೆಬ್ಬೆರಳು ಒತ್ತಿದಳು. ದೀಪಾವಳಿ ಮುಂದೆ ಕಾಲುವೆ ತೋಡುವ ಕೆಲಸಕ್ಕೆ ಹೋದಾಗ ಮಣ್ಣಿನ ದಿಬ್ಬ ಅವಳ ಮೇಲೆ ಕುಸಿಯಿತು. ಆ ಕೆಲಸಕ್ಕೆ ಅವಳ ಹೆಸರು ಬರೆಸಿದವನು ಅಣ್ಣ. ಅಂದಿನಿಂದ ನಿಮ್ಮಪ್ಪ ಮಹಾದೇವಪ್ಪ ಶ್ರಾವಣಕ್ಕೆ ಊರಿಗೆ ಬಂದಿಲ್ಲ, ನಾವೂ ಅವಳ ಹೆಸರೆತ್ತಿಲ್ಲ. ಒಂದು ಫೋಟೋ ಕೂಡ ಇಲ್ಲ ಅವಳದು.

ಆ ಬೆರಳಿನ ಮೇಲೆ ಮತ್ತೊಬ್ಬರು ಒತ್ತದಂತೆ ಅವ್ವ ಕಾದಳು. ಸುತ್ತಲಿನವರದು ವರ್ಷಾ ವರ್ಷಾ ಏರುತ್ತಾ ಹೋಯಿತು, ಅದೊಂದು ತಗ್ಗಾಗಿ ಉಳಿಯಿತು. ಕಣ್ಣು ಹೋದ ಮೇಲೆ ಅವ್ವ ಅದರೊಳಗೆ ತನ್ನ ಹೆಬ್ಬೆರಳು ಇಡುತ್ತಿದ್ದಳು. ಅಷ್ಟೇ ಅವಳ ಪೂಜೆ.

ಮೊದಲ ದಿನ ಪುಸ್ತಕ ಮುಚ್ಚಿದೆ. ಅವ್ವ ಕೈ ಚಾಚಿದಳು. ಮೂಲೆಗೆ ಹೋದ ಕೈ ಜಾರಿ ಬಂತು. ಮತ್ತೊಮ್ಮೆ ಹೋಯಿತು. ಪುಸ್ತಕ ತಲೆಕೆಳಗಾಗಿದೆ ಎಂದುಕೊಂಡು ತಿರುಗಿಸಿ ನೋಡಿದಳು. "ಭೀಮ್ಯಾ, ಇದು ಬ್ಯಾರೆ ಪುಸ್ತಕ ಅದ. ನಮ್ದು ಎಲ್ಲದ?" ಎಂದಳು. ನಾನು, "ಇದೇ ಅವ್ವ" ಎಂದೆ. ಅಂಬ್ರಪ್ಪ "ನಾ ಹೇಳಿದ್ನಿಲ್ಲ?" ಎಂದು ಎದ್ದು ಹೋದ. ಅವನ ಹಿಂದೆ ಅರ್ಧ ಕಟ್ಟೆ ಖಾಲಿಯಾಯಿತು. ಬೆಳಕವ್ವನ ಮುಖವನ್ನು ಯಾರೂ ನೋಡಲಿಲ್ಲ.

"ಎಡಗಡಿ ಮೂಲಿ ಮುಟ್ಟಬ್ಯಾಡ ಅಂತ ಬರಿ" ಎಂದು ಅವ್ವ ಏಪ್ರಿಲ್‌ನಲ್ಲೇ ಹೇಳಿದ್ದಳು. ಜಾಗ ಸಾಲದು ಎಂದು ಬರೆದವನು ನಾನು. ಬರೆದರೆ ಮಾನಮ್ಮನ ಕಥೆ ಬರೆಯಬೇಕಾಗುತ್ತದೆ, ಅಣ್ಣನಿಗೆ ನೋವಾಗುತ್ತದೆ ಎಂದು ಬಿಟ್ಟೆ. ಅವ್ವ ಮನೆಗೆ ಬಂದ ಮೇಲೆ ಹೇಳಿದ್ದು ಇಷ್ಟು: "ಅಕಿಗಿ ಬೈದು ಬರೀಬ್ಯಾಡ. ನೀ ಹೇಳಲಿಲ್ಲ, ಅಕಿಗಿ ಹ್ಯಾಂಗ ಗೊತ್ತಾಗಬೇಕು?"

ಅದಕ್ಕೆ ಬೈದಿಲ್ಲ.

ಭೀಮರಾಯ

ಹೈದರಾಬಾದ್
22 ಆಗಸ್ಟ್ 1997

ಕಾಕಾ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಯಾವ ಕೈ ನೋಡಿ ಎಲ್ಲರೂ ಶಾಭಾಷ್ ಅಂದರೋ ಆ ಕೈ ನೋಡಿದರೆ ಹೇಸಿಗೆಯಾಗುತ್ತದೆ. ಇಲಿ ಕಡಿದದ್ದು ಅಂತ ಬರೆದೆನಲ್ಲ! ಶಿವನೇ, ಚಾಕು ಹಿಡಿದೆನಲ್ಲ!

ಆದರೆ ಒಂದು ದಾರಿ ಇದೆ. ಒರೆಸುವ ಮೊದಲು ತೆಗೆದ ಫೋಟೋ ಇದೆ ಅಂದೆನಲ್ಲ. ಅದರಲ್ಲಿ ಎಲ್ಲವೂ ಇದೆ, ಮಾನಮ್ಮತ್ತೆಯ ಬೆರಳೂ ಸ್ಪಷ್ಟವಾಗಿದೆ. ಹಗಲೆಲ್ಲ ಪ್ರೆಸ್ಸಿನಲ್ಲಿ ಕೂತು ಅದನ್ನೇ ಹೊಸ ಮುಖಪುಟ ಮಾಡಿಸಿದ್ದೇನೆ. ಒಂದೊಂದು ಬೆರಳೂ ಇದ್ದ ಜಾಗದಲ್ಲೇ ಇದೆ. ಮೇಲೆ ಒಳ್ಳೆ ಲ್ಯಾಮಿನೇಷನ್ ಹಾಕಿಸಿದ್ದೇನೆ. ಇನ್ನು ಯಾವ ದೇವಕ್ಕ ಬಂದರೂ ಒರೆಸಲಾರಳು.

ಸಾರ್ ಇದನ್ನು ನೋಡಿ, "ಇದು ನಿನ್ನ ಪ್ರಾಜೆಕ್ಟ್" ಎಂದರು. ಒಂದು ಪ್ರತಿಯನ್ನು ದೊಡ್ಡದು ಮಾಡಿಸಿ ಕಾಲೇಜಿನ ಗೋಡೆಗೆ ಹಾಕಿದ್ದಾರೆ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ನನಗೆ ಆ ಖುಷಿ ಬೇಡ ಕಾಕಾ. ಆಯಿಗೆ ಮಗಳ ಬೆರಳು ಸಿಕ್ಕರೆ ಸಾಕು.

ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಪುರಾಣದ ಕೊನೆಯ ದಿನಕ್ಕಾದರೂ ಮುಟ್ಟಲಿ.

ದೇವಕ್ಕ

ದೋರನಹಳ್ಳಿ
4 ಸೆಪ್ಟೆಂಬರ್ 1997

ದೇವಕ್ಕಳಿಗೆ ಆಶೀರ್ವಾದ.

ಮುಟ್ಟಿತು. ಕೊನೆಯ ದಿನ ಅದನ್ನೇ ಹೊದಿಸಿ ವ್ಯಾಸಪೀಠದ ಮೇಲಿಟ್ಟೆ. ಸುದ್ದಿ ಕೇಳಿ ಅಂಬ್ರಪ್ಪನೂ ಬಂದ. "ಹುಡುಗಿ ಶ್ಯಾಣ್ಯಾ ಇದ್ದಾಳ, ಬರೋಬ್ಬರಿ ಮಾಡ್ಯಾಳ" ಎಂದು ಅವನೇ ಹೇಳಿದ. ನನ್ನ ಎದೆ ಹಗುರಾಯಿತು.

ಪುರಾಣ ಮುಗಿಯಿತು. ಆಚೆ ಓಣಿಯ ಶಿವಬಸಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದು ವಿಭೂತಿ ಒತ್ತಿದಳು. ಅದು ಜಾರಿ ಹಾಳೆಯ ಅಂಚಿಗೆ ಇಳಿಯಿತು. ಮತ್ತೆ ಒತ್ತಿದಳು, ಮತ್ತೆ ಜಾರಿತು. "ಯವ್ವಾ, ಇದು ನಮ್ದು ಒಲ್ಲೆ ಅಂತದ" ಎಂದು ಸೆರಗಿನಿಂದ ಒರೆಸಿಬಿಟ್ಟಳು. ಎಷ್ಟು ಸಲೀಸಾಗಿ ಒರೆಸಿ ಹೋಯಿತು ಗೊತ್ತೇನು? ಉಳಿದ ಹೆಂಗಸರು ಬೆರಳಿಗೆ ಹಚ್ಚಿಕೊಂಡ ವಿಭೂತಿಯನ್ನು ತಮ್ಮ ಹಣೆಗೇ ಹಚ್ಚಿಕೊಂಡು ಹೋದರು.

ಅವ್ವ ಕೈಯಿಟ್ಟಳು. ಮೂಲೆ ಹುಡುಕಿದಳು. "ನುಣ್ಣಗದ. ಕನ್ನಡಿ ಮ್ಯಾಲ ಕೈ ಇಟ್ಟಂಗ ಆಗ್ತದ" ಎಂದಳು. ನಾನು ಅವಳ ಹೆಬ್ಬೆರಳು ಹಿಡಿದು ಜಾಗಕ್ಕೆ ಇಟ್ಟು, "ಮಾನಮ್ಮನ ಬೆರಳು ಇಲ್ಲೇ ಅದ ಅವ್ವ, ಚಿತ್ರದಾಗ" ಎಂದೆ. "ನಿನಗ ಕಾಣತದ. ನನಗ?" ಎಂದಳು.

ಎರಡು ದಿನ ಬಿಟ್ಟು ತಾನಾಗಿಯೇ ಕೇಳಿದಳು. "ಹೈದರಾಬಾದದಾಗ ಗ್ವಾಡಿಗಿ ದೊಡ್ಡದು ಹಾಕ್ಯಾರಂತಲ್ಲ. ಅದು ಮುಟ್ಟಿದ್ರ ಕೈಗಿ ಹತ್ತತದೇನು? ಹತ್ತೂದಿದ್ರ ರೈಲಿಗಿ ಕೂಡ್ರಸು, ಹೋಗಿ ಬರ್ತೀನಿ." ಅದೂ ಇದರಂಥದೇ ಎಂದೆ.

ನಿನ್ನ ಹೊದಿಕೆಯನ್ನು ತೆಗೆದು ಟ್ರಂಕಿನಲ್ಲಿ ಇಟ್ಟಿದ್ದೇನೆ. ಸಿಟ್ಟಿನಿಂದಲ್ಲ.

ಭೀಮರಾಯ

ಹೈದರಾಬಾದ್
18 ಡಿಸೆಂಬರ್ 1997

ಕಾಕಾ ಅವರ ಪಾದಕ್ಕೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ದಸರೆಗೆ ನಾರಾಯಣಪುರಕ್ಕೆ ಹೋದಾಗ ಅಪ್ಪನನ್ನು ಕೇಳಿದೆ. ಮಾನಮ್ಮತ್ತೆಯ ಹೆಸರು ನನ್ನ ಬಾಯಲ್ಲಿ ಕೇಳಿ ಅಪ್ಪ ಉಣ್ಣುವ ತಾಟು ಬಿಟ್ಟು ಎದ್ದರು. ಆಮೇಲೆ ಹಿತ್ತಲಲ್ಲಿ ಕೂತು ಎಲ್ಲಾ ಹೇಳಿದರು, ಹೇಳುತ್ತಾ ಕೂಸಿನ ಹಾಗೆ ಅತ್ತರು. ಕಾಲುವೆಗೆ ನೀರು ಬಿಡುವಾಗ ಪ್ರತಿ ಸಲ ಅಪ್ಪ ಗೇಟಿನ ಹತ್ತಿರ ನಿಂತು ನೀರಿಗೆ ಕೈ ಮುಗಿಯುವುದನ್ನು ನಾನು ಕಂಡಿದ್ದೆ. ಆ ನೌಕರಿಯವರೆಲ್ಲ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ.

ಗೋಡೆಯ ಮೇಲಿನದನ್ನು ತೆಗೆಸಿದೆ.

ಇದರ ಜೊತೆ ಹೊಸ ರಟ್ಟು ಕಳಿಸುತ್ತಿದ್ದೇನೆ. ಕೈಯಿಂದ ಮಾಡಿದ ಒರಟು ಕಾಗದವನ್ನು ಪದರ ಪದರ ಅಂಟಿಸಿ ನಾನೇ ಮಾಡಿದ್ದು. ಚಿತ್ರವಿಲ್ಲ, ಅಕ್ಷರವಿಲ್ಲ, ಬರೀ ಬಿಳಿ. ವಿಭೂತಿ ಹಚ್ಚಿ ನೋಡಿದ್ದೇನೆ, ಹಿಡಿಯುತ್ತದೆ, ಒಣಗಿದ ಮೇಲೂ ಉದುರುವುದಿಲ್ಲ. ಮಾನಮ್ಮತ್ತೆಯ ಬೆರಳು ಇದರಿಂದ ವಾಪಸು ಬರುವುದಿಲ್ಲ, ಅಷ್ಟು ಬುದ್ಧಿ ಈಗ ಬಂದಿದೆ. ಆದರೂ ಎಡಗಡೆ ಮೂಲೆಯಲ್ಲಿ ಮೊದಲ ಬೆರಳು ಆಯಿಯದೇ ಬೀಳಲಿ.

ಆಯಿ ಒತ್ತಿದಳು ಎಂದು ನೀವು ಬರೆದ ದಿನವೇ ರೈಲು ಹತ್ತುತ್ತೇನೆ. ಅಲ್ಲಿಯವರೆಗೆ ಆಕೆಯ ಮುಂದೆ ಬಂದು ನಿಲ್ಲಲಾರೆ. ಕಣ್ಣು ಕಾಣದವಳ ಮುಂದೆ ಮುಖ ತೋರಿಸಲು ಇಷ್ಟು ನಾಚಿಕೆ ಏಕೆ ಎಂದು ನೀವು ತಮಾಷೆ ಮಾಡಬಹುದು. ಮಾಡಿ. ನೀವು ತಮಾಷೆ ಮಾಡಿ ಬಹಳ ದಿನವಾಯಿತು.

ನಿಮ್ಮ ದೇವಕ್ಕ

ದೋರನಹಳ್ಳಿ
9 ಫೆಬ್ರುವರಿ 1998

ದೇವಕ್ಕಳಿಗೆ ಆಶೀರ್ವಾದ.

ತಂತಿ ಮುಟ್ಟಿ ನೀನು ಬರುವಷ್ಟರಲ್ಲಿ ಅವ್ವನ ಮಣ್ಣಾಗಿತ್ತು. ಬಂದವಳು ಹೊಸ್ತಿಲ ಹತ್ತಿರವೇ ಕೂತೆ, ಒಳಗೆ ಬಾ ಎಂದರೂ ಬರಲಿಲ್ಲ, ಮರುದಿನವೇ ಯಾದಗಿರಿಗೆ ಹೋಗಿ ರೈಲು ಹತ್ತಿದೆ. ಅಣ್ಣ ಅಷ್ಟು ವರ್ಷಗಳ ಮೇಲೆ ಬಂದು ಅಳುತ್ತಿದ್ದ, ನನಗೆ ನಿನ್ನ ಹತ್ತಿರ ಕೂತು ಮಾತಾಡಲು ಆಗಲಿಲ್ಲ. ಒಂದು ಮಾತು ಉಳಿದುಹೋಗಿದೆ. ಈ ಸಲ ಜಾಗ ಸಾಲದು ಎನ್ನುವುದಿಲ್ಲ.

ನಿನ್ನ ಬಿಳಿ ರಟ್ಟು ಬಂದ ದಿನವೇ ಅವ್ವನ ಕೈಗೆ ಕೊಟ್ಟೆ. ಎರಡೂ ಕೈಯಿಂದ ಸವರಿದಳು. "ಏನೂ ಇಲ್ಲಲ್ಲೋ ಇದರಾಗ" ಎಂದಳು.

"ಇಲ್ಲವ್ವ. ನೀ ಬೆರಳಿಡಲಿ ಅಂತ ಬೇಕಂತನ ಬಿಟ್ಟಾಳ."

ಬಹಳ ಹೊತ್ತು ಮೂಲೆಯನ್ನು ಮುಟ್ಟುತ್ತಾ ಕೂತಳು. ಮುಖ ಅರಳಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ, "ಅಕಿ ಬರ್ಲಿ. ಅಕಿ ಕೈ ಹಿಡ್ದು ಒತ್ತಸ್ತೀನಿ. ಮೊದಲ ಅಕಿದು, ಆಮ್ಯಾಲ ನಂದು. ಹುಡುಗಿ ಬಾಳ ಅಂಜ್ಯಾಳ, ಅಂಜಿಕಿ ಹೋಗ್ಬೇಕಲ್ಲ" ಎಂದಳು.

ನೀನು ಅವಳ ಬೆರಳಿಗೆ ಕಾಯುತ್ತಿದ್ದೀಯ ಎಂದು ನಾನು ಅವಳಿಗೆ ಹೇಳಲಿಲ್ಲ. ಅವಳು ನಿನ್ನ ಬೆರಳಿಗೆ ಕಾಯುತ್ತಿದ್ದಾಳೆ ಎಂದು ನಿನಗೆ ಬರೆಯಲಿಲ್ಲ. ಸಂಕ್ರಾಂತಿಗೆ ತಾನಾಗಿಯೇ ಬಂದಾಳು, ಒತ್ತಾಯ ಮಾಡಿ ಕರೆಸಿದರೆ ಮತ್ತೆ ನೊಂದುಕೊಂಡಾಳು ಎಂದುಕೊಂಡೆ. ಊರ ಮಕ್ಕಳಿಗೆಲ್ಲ ಕಾಗದ ಬರೆಯುವುದು ಕಲಿಸಿದವನು ನಾನು. ಬರೆಯಬೇಕಾದ ಒಂದು ಸಾಲನ್ನು ಎರಡನೆಯ ಸಲ ಬರೆಯದೆ ಉಳಿದೆ. ನನ್ನನ್ನು ಏನೆಂದು ಬೈಯಬೇಕೋ ನೀನೇ ಬೈಯಿ.

ಸಂಕ್ರಾಂತಿಗೆ ನೀನು ಬರಲಿಲ್ಲ. ರಟ್ಟು ಅವಳ ತಲೆದಿಂಬಿನ ಹತ್ತಿರ ಇತ್ತು. ದಿನಾ ಮುಂಜಾನೆ ಜಳಕ ಮಾಡಿ, ಸಣ್ಣ ಬಟ್ಟಲಲ್ಲಿ ವಿಭೂತಿ ಕಲಸಿ ಇಟ್ಟುಕೊಳ್ಳುತ್ತಿದ್ದಳು. "ಹೈದರಾಬಾದ್ ಗಾಡಿ ಬಂತೇನೋ ಭೀಮ್ಯಾ?" ಎಂದು ಕೇಳುವಳು. ಸಂಜೆಗೆ ವಿಭೂತಿ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಕೊನೆಯ ದಿನ ನಾನು ಅವಳ ಹೆಬ್ಬೆರಳು ಹಿಡಿದು ರಟ್ಟಿನ ಮೇಲೆ ಇಡಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡಳು. "ಅಕಿ ಬಂದಿಲ್ಲಲ್ಲ ಇನ್ನಾ" ಎಂದಳು. ಅಷ್ಟೇ.

ರಟ್ಟನ್ನು ಪುಸ್ತಕಕ್ಕೆ ಹೊಲಿದಿದ್ದೇನೆ. ಒಳಗೆ ನಿನ್ನ ಬೆಳಕವ್ವ ಇದ್ದಾಳೆ, ಮೇಲೆ ಬಿಳಿ. ಶ್ರಾವಣಕ್ಕೆ ಬಾ. ಅಣ್ಣನೂ ಬರುತ್ತೇನೆ ಎಂದಿದ್ದಾನೆ. ಅಂಬ್ರಪ್ಪ ಬಂದು ನೋಡಿ, ಬೆರಳು ಒತ್ತದೆ, ಕೈ ಮುಗಿದು ಹೋದ. ನಾನೂ ಒತ್ತಿಲ್ಲ. ಇನ್ನೂ ಬಿಳಿಯೇ ಇದೆ.

ನಿನ್ನ ಕಾಕಾ
ಭೀಮರಾಯ